ಯಂತ್ರ ನಿಂತಷ್ಟು ಹೊತ್ತು

ಅಮ್ಮನ ಉಸಿರಿಗೆ ಆಸರೆಯಾಗಿದ್ದ ಆಕ್ಸಿಜನ್ ಯಂತ್ರ ಮಂಚದ ಪಕ್ಕದಲ್ಲಿ ಸದಾ ಗುಂಯ್ ಎನ್ನುತ್ತಿತ್ತು. ಅದನ್ನು ನಿಲ್ಲಿಸದೆ ಅಮ್ಮ ನುಡಿಸುವ ಗಿಟಾರನ್ನು ರೆಕಾರ್ಡ್ ಮಾಡಲು ಮಗಳು ಪಡಬಾರದ ಪಾಡು ಪಟ್ಟಳು. ಕಿಟಕಿಗೆ ರಜಾಯಿ ಕಟ್ಟಿದಳು. ಫ್ರಿಜ್ ಆರಿಸಿದಳು. ಉದ್ದದ ವೈರು ಹಾಕಿ ಕಂಪ್ಯೂಟರನ್ನು ಬಾಗಿಲಾಚೆ ಇಟ್ಟಳು. ಮೈಕನ್ನು ಗಿಟಾರಿನ ತೂತಿನೆದುರಿನಿಂದ ಸರಿಸಿ, ಅದರ ಕತ್ತು ಮೈಗೆ ಕೂಡುವ ಕಡೆಗೆ ತಿರುಗಿಸಿದಳು. ತಂತಿಗಳ ದನಿ ತಿಳಿಯಾಯಿತು. ಗುಂಯ್ ಮಾತ್ರ ಹೋಗಲಿಲ್ಲ. ಕಂಪ್ಯೂಟರಿನಲ್ಲಿ ಅದನ್ನು ಅಳಿಸಹೋದರೆ ಗಿಟಾರೂ ನೀರೊಳಗಿಂದ ಬಂದಂತೆ ಕೇಳಿಸಿತು.

ಅಮ್ಮ ಶಾಲೆಯಲ್ಲಿ ಸಂಗೀತದ ಟೀಚರಾಗಿದ್ದವಳು. ಮಕ್ಕಳ ಬೆಳಗಿನ ಪ್ರಾರ್ಥನೆಗೆ ಧಾಟಿ ಕಟ್ಟಿದವಳೂ ಅವಳೇ. ಕಾಯಿಲೆ ಬಿದ್ದ ಮೇಲೆ, ಮಲಗಿದಲ್ಲೇ ಅದರ ಕೊನೆಯ ಸಾಲನ್ನು ಬದಲಿಸಿದ್ದಳು. ಆ ಸಾಲನ್ನು ಇನ್ನೂ ಯಾರೂ ಕೇಳಿರಲಿಲ್ಲ. ಹೋಗುವ ಮುನ್ನ ಅದನ್ನು ಪೂರ್ತಿ ನುಡಿಸಿಟ್ಟು ಹೋಗಬೇಕೆಂಬುದೊಂದೇ ಅವಳ ಆಸೆ.

“ಈ ಮಿಕ್ಸಿ ಸದ್ದು ಇಟ್ಕೊಂಡು ದೇವರ ಮುಂದೆ ಬಾಯಿ ಬಿಡೋಕಾಗುತ್ತಾ? ಆರಿಸೇ,” ಎಂದಳು ಅಮ್ಮ.

“ಡಾಕ್ಟ್ರು ನನ್ನ ಸುಮ್ನೆ ಬಿಡ್ತಾರಾ?”

“ಅವರಿಗೆ ಹೇಳೋರ್ಯಾರು? ನಾನಂತೂ ಹೇಳಲ್ಲ. ಒಂದು ಪ್ರಾರ್ಥನೆ ಎಷ್ಟುದ್ದ ಇರುತ್ತೆ? ಒಂದಕ್ಕೆ ಅವಸರ ಆದ ಮಕ್ಕಳೂ ತಡ್ಕೊಂಡು ಮುಗಿಸ್ತಿದ್ರು.”

ಮಗಳಿಗೆ ನಗು ಬಂತು. ಆ ನಗುವಿನಲ್ಲೇ ಮನಸ್ಸು ಸಡಿಲಿ ಯಂತ್ರದ ಗುಂಡಿ ಒತ್ತಿಬಿಟ್ಟಳು.

ಮನೆ ತಣ್ಣಗಾಯಿತು, ಯಾರೋ ದೊಡ್ಡವರು ಬಂದು ಆಲಿಸಲು ಕೂತ ಹಾಗೆ. ಅಮ್ಮ ಕಣ್ಣು ಮುಚ್ಚಿ ನುಡಿಸಿದಳು. ಒಂದೊಂದು ಸ್ವರವೂ ತೊಳೆದಿಟ್ಟಂತಿತ್ತು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ತುಟಿ ನೀಲಿಗಟ್ಟಿತು. ಮಗಳು ಎದ್ದಳು. ಬೇಡವೆಂದು ಅಮ್ಮ ತಲೆಯಲ್ಲಾಡಿಸಿದಳು. ಉಳಿದದ್ದು ಆ ಕೊನೆಯ ಸಾಲೊಂದೇ. ಮಗಳ ಕೈ ಗುಂಡಿಯ ಮೇಲೆ ಕ್ಷಣಕಾಲ ತಡೆಯಿತು. ಆಮೇಲೆ ಒತ್ತಿತು.

ಯಂತ್ರ ಗುಂಯ್ ಎಂದಿತು.

“ಕೆಡಿಸಿಬಿಟ್ಯಲ್ಲೇ,” ಎಂದಳು ಅಮ್ಮ, ಉಸಿರು ತಿರುಗಿದ ಮೇಲೆ.

“ಬೈಕೋಮ್ಮ. ಎಷ್ಟು ಬೇಕೋ ಬೈಕೋ.”

“ಇನ್ನೊಂದ್ಸಲ ನನ್ನ ಕೈಲಾಗಲ್ಲ ಕಣೇ.”

“ಗೊತ್ತು.”

ಮಗಳು ಗಿಟಾರನ್ನು ತೆಗೆದು ಗೋಡೆಗೆ ಒರಗಿಸಿದಳು. ಅಮ್ಮ ಬಹಳ ಹೊತ್ತು ಮುಖ ತಿರುಗಿಸಿಕೊಂಡಿದ್ದಳು. ಬಳಿಕ ಮಗಳ ತೋಳನ್ನು ಎಳೆದು ಎದೆಗಡ್ಡವಾಗಿ ಇರಿಸಿಕೊಂಡು, ಅದರ ಮೇಲೆ ಬೆರಳುಗಳನ್ನು ಒಂದೊಂದಾಗಿ ಒತ್ತುತ್ತ ಬಂದಳು. ಅದು ಕೊನೆಯ ಸಾಲು. ಕಿರುಬೆರಳು ಮಣಿಕಟ್ಟಿನ ಬಳಿ ಒತ್ತಿ, ಅಲ್ಲೇ ನಿಂತಿತು.

ಗಿಟಾರ್ ಬಾರದ ಮಗಳಿಗೆ ಅದು ಯಾವ ಸ್ವರವೆಂದು ತಿಳಿಯಲಿಲ್ಲ. ಅಮ್ಮ ಬೆರಳು ತೆಗೆದಾಗ ಅಲ್ಲಿನ ಚರ್ಮ ಬೆಳ್ಳಗೆ ಕಂಡು, ನೋಡುತ್ತಿದ್ದಂತೆಯೇ ಮೊದಲಿನ ಬಣ್ಣಕ್ಕೆ ತಿರುಗಿತು.