ಗಿರಣಿಯ ಹೊಟ್ಟೆಯಲ್ಲಿ ಉಳಿದ ಪುಡಿ

ಆಷಾಢ ಮುಗಿಯುತ್ತ ಬಂದಿತ್ತು. ಮಳೆ ಎನ್ನುವಷ್ಟು ಮಳೆಯಿಲ್ಲ, ಬಿಸಿಲಂತೂ ಇಲ್ಲವೇ ಇಲ್ಲ. ಬಾಗಲಗುಂಟೆಯ ರಸ್ತೆ ನಾಲ್ಕು ದಿನದಿಂದ ಒಣಗಿರಲಿಲ್ಲ. ಇಂಥ ಥಂಡಿಯಲ್ಲಿ ಕಾಫಿಪುಡಿ ಗಿರಣಿಯ ಒಳಗೋಡೆಗೆ ಕಚ್ಚಿಕೊಳ್ಳುತ್ತದೆ. ಚನ್ನಪ್ಪ ಬೆಳಿಗ್ಗೆಯೇ ಮುಚ್ಚಳ ಬಿಚ್ಚಿ, ಅರೆಯುವ ಹಲ್ಲುಗಳನ್ನು ಬ್ರಷ್ಷಿನಿಂದ ಉಜ್ಜಿ, ಉದುರಿದ್ದನ್ನು ಕಾಗದದ ಮೇಲೆ ಒಟ್ಟುಮಾಡುತ್ತಿದ್ದ. ಆ ಒಂದೆರಡು ಹಿಡಿ ದಿನವೂ ಅವನ ಮನೆಗೆ ಹೋಗುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವನ ಹೆಂಡತಿ ಚಂದ್ರವ್ವ ಕಾಫಿಪುಡಿಯನ್ನು ಕೊಂಡವಳಲ್ಲ. ಅದು ಗಿರಣಿಯವನ ಪಾಲು ಎಂದು ಅಂಗಡಿಯ ಯಜಮಾನ ಕಾಶಿನಾಥ ಸುಮ್ಮನಿದ್ದ. ತಾವು ಅರೆಸಿದ್ದರಲ್ಲಿ ಒಂದಿಷ್ಟು ಗಿರಣಿಯ ಹೊಟ್ಟೆಯಲ್ಲೇ ಉಳಿಯುತ್ತದೆಂದು ಗಿರಾಕಿಗಳಿಗೆ ಮಾತ್ರ ಗೊತ್ತಿರಲಿಲ್ಲ.

"ಚನ್ನಪ್ಪ, ಬೀಜ ಅರೆಸ್ಕೊಳ್ಳೋರು ಈಗ ಎಷ್ಟು ಮನೆ?" ಕಾಶಿನಾಥ ಗಲ್ಲಾದ ಹಿಂದಿನಿಂದ ಕೇಳಿದ.

"ಒಂಬತ್ತು ಉಳದಾವ್ರಿ."

"ಹೋದ್ ವರ್ಷ ಮೂವತ್ತಿತ್ತು. ಎಲ್ರೂ ಮನೇಲೇ ಆಟದ ಸಾಮಾನ್ ತರ ಒಂದೊಂದ್ ಗ್ರೈಂಡರ್ ಇಟ್ಕೊಂಡವ್ರೆ. ಗೌರಿ ಹಬ್ಬದ ತನಕ ನೋಡ್ತೀನಿ ಗುರು. ಇದರಲ್ಲಿ ಇನ್ನೊಂದು ಮನೆ ಕಮ್ಮಿಯಾದ್ರೂ ಮಿಷನ್ ಮಾರಿ, ಪ್ಯಾಕೆಟ್ ಪುಡಿ ಇಟ್ಬಿಡೋದು."

ಪ್ಯಾಕೆಟ್ ಮಾರುವುದಕ್ಕೆ ಕಾಶಿನಾಥ ಒಬ್ಬನೇ ಸಾಕು. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮಧ್ಯಾಹ್ನ ಶೆಟ್ಟಿಹಳ್ಳಿಯ ರಾಮಲಕ್ಷ್ಮಮ್ಮ ಫೋನು ಮಾಡಿದರು. ಆ ಒಂಬತ್ತರಲ್ಲಿ ಅವರದೂ ಒಂದು ಮನೆ. ಯಲಹಂಕದಲ್ಲಿರುವ ಮಗಳು ಪ್ರತಿಭಾ ಎಲ್ಲಕ್ಕಿಂತ ಅಗ್ಗದ್ದೊಂದು ಕಾಫಿ ಗ್ರೈಂಡರ್ ತರಿಸಿಕೊಟ್ಟಿದ್ದಳು. ಎರಡೇ ದಿನಕ್ಕೆ ಅದು ಕಚ್ಚಿಕೊಂಡು ನಿಂತಿತ್ತು. ವಾಪಸ್ ಕೊಡಲು ಅವತ್ತೇ ಕಡೆಯ ದಿನ. "ಬಂದು ಒಸಿ ನೋಡಪ್ಪ, ನಿನಗಿಂತ ಚೆನ್ನಾಗಿ ತಿಳಿದೋರು ಯಾರವ್ರೆ?" ಎಂದರು.

ಹೋದಾಗ ಅವರು ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಜಗಲಿಯ ಮೇಲೆ ಕೂತಿದ್ದರು.

"ಕಾಲಿಗೇನಾತ್ರಿ ಅಮ್ಮಾರ?"

"ನಿಮ್ಮಂಗಡಿಗೆ ಬರೋವಾಗ್ಲೇ ಜಾರಿದ್ದು, ಹೋದ್ ವಾರ. ಅದ್ಕೇ ನನ್ ಮಗಳು ಈ ಶನೀನ ತರ್ಸಿದ್ದು. ನೋಡು, ಐವತ್ತು ಗ್ರಾಂ ಹಾಕಿದ್ರೆ ನಲವತ್ತೈದು ಕಕ್ತು. ಐದು ಗ್ರಾಂ ನುಂಗ್ಬಿಡ್ತು, ಕಳ್ಳಮುಂಡೇದು! ನಿನ್ ಮಿಷನ್ನು ಯಾವತ್ತಾದ್ರೂ ಇಂಗೆ ಮಾಡೈತಾ?"

ಚನ್ನಪ್ಪ ತನ್ನ ಉಗುರುಗಳನ್ನು ನೋಡಿಕೊಂಡ. ಅವುಗಳ ಸಂದಿಯಲ್ಲಿ ಬೆಳಗಿನ ಪುಡಿ ಇನ್ನೂ ಇತ್ತು.

"ಒಳಗ ಏನೇನ್ ಹಾಕಿದ್ರಿ?"

"ಇನ್ನೇನ್ ಹಾಕ್ಲಿ? ಬೀಜ, ಚಿಕೋರಿ. ಎರಡೂ ಒಟ್ಟಿಗೆ ಸುರಿದೆ."

ಅಲ್ಲೇ ಎಲ್ಲವೂ ತಿಳಿದುಹೋಯಿತು. ಚಿಕೋರಿಯನ್ನು ಯಾರೂ ಬೀಜದ ಜೊತೆ ಅರೆಯುವುದಿಲ್ಲ. ಅರೆದಾದ ಮೇಲೆ ಕೈಯಲ್ಲಿ ಬೆರೆಸುತ್ತಾರೆ. ಥಂಡಿ ಕುಡಿದ ಚಿಕೋರಿ ಬೆಲ್ಲದ ಪಾಕದಂತೆ ಅಂಟುತ್ತದೆ. ಅಂಗಡಿಯಲ್ಲಿ ಆ ಕೆಲಸವನ್ನು ಅವನು ಗಿರಾಕಿಗಳಿಗೆ ಬೆನ್ನು ಮಾಡಿ ಮಾಡುತ್ತಿದ್ದುದರಿಂದ ಅವರು ಕಂಡಿರಲಿಲ್ಲ.

ರಾಮಲಕ್ಷ್ಮಮ್ಮ ಹಾಲು ಕಾಯಿಸಲು ಒಳಗೆ ಹೋದರು. ಚನ್ನಪ್ಪ ಗ್ರೈಂಡರಿನ ಮೇಲ್ಭಾಗ ತಿರುಗಿಸಿ ತೆಗೆದ, ಕಪ್ಪಗೆ ಗಟ್ಟಿಯಾದದ್ದನ್ನು ಪೊರಕೆಕಡ್ಡಿಯಿಂದ ಮೀಟಿದ, ಪಂಚೆಯ ತುದಿಯಲ್ಲಿ ಒರೆಸಿದ. ಬರೀ ಬೀಜ ಒಂದು ಹಿಡಿ ಹಾಕಿ ಗುಂಡಿ ಒತ್ತಿದ. ಸದ್ದು ಮೊದಲು ಒರಟಾಗಿತ್ತು, ಆಮೇಲೆ ಒಂದೇ ಸಮನಾಯಿತು. ಬಿದ್ದ ಪುಡಿಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದ. ಸಣ್ಣ ರವೆಯ ಹಾಗಿತ್ತು. ಅಲ್ಲೊಂದು ಇಲ್ಲೊಂದು ದಪ್ಪ ನುಚ್ಚು. ಗ್ರೈಂಡರಿನ ಮೈ ಸ್ವಲ್ಪ ಬೆಚ್ಚಗಾಗಿತ್ತು. ಒಬ್ಬ ಮುದುಕಿಯ ಮನೆಗೆ ಹತ್ತು ವರ್ಷ ಬರುವ ಯಂತ್ರ. ತಳವನ್ನು ಎರಡು ಸಲ ತಟ್ಟಿದ. ಒಳಗೆ ಉಳಿದಿದ್ದ ಚಿಟಿಕೆ ಪುಡಿಯೂ ಪ್ರಾಮಾಣಿಕವಾಗಿ ಕೆಳಗೆ ಬಿತ್ತು.

ಅವನು ಪುಡಿಯನ್ನೆಲ್ಲ ಕಾಂಪೌಂಡಿನ ದಾಸವಾಳದ ಬುಡಕ್ಕೆ ಸುರಿದ.

"ಸದ್ದು ಬಂದಂಗಾಯ್ತಲ್ಲ?" ಲೋಟ ಹಿಡಿದು ಬಂದ ರಾಮಲಕ್ಷ್ಮಮ್ಮ ಕೇಳಿದರು.

"ಸದ್ದೇನೋ ಬಂತ್ರಿ." ಗ್ರೈಂಡರನ್ನು ಅವರ ಕಡೆಗೆ ಸರಿಸಿದ. "ಮುಟ್ಟಿ ನೋಡ್ರಿ, ಬಿಸಿ ಆಗ್ತೈತಿ. ಪುಡಿನೂ ಒಂದ್ಸಮ ಬರಂಗಿಲ್ಲ. ವಾಪಸ್ ಕೊಟ್ಟುಬಿಡ್ರಿ ಅಮ್ಮಾರ."

ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ ಎಂದು ಕಾಫಿ ಕುಡಿಯುತ್ತ ಲೆಕ್ಕ ಹಾಕಿದ. ಆದರೂ ಅರ್ಧ ಲೋಟ ಹಾಗೇ ಬಿಟ್ಟು ಎದ್ದ. ಸಂಜೆಗೆ ಗ್ರೈಂಡರ್ ಡಬ್ಬದ ಸಮೇತ ವಾಪಸ್ಸಾಯಿತು.

ಒಂಬತ್ತು ಮನೆ ಒಂಬತ್ತೇ ಉಳಿದವು. ಆದರೆ ಕಾಶಿನಾಥ ಗೌರಿ ಹಬ್ಬದವರೆಗೆ ಕಾಯಲಿಲ್ಲ. ಮುಂದಿನ ವಾರ ಮಾಕಳಿಯ ಖಾರದಪುಡಿಯವನೊಬ್ಬ ಬಂದು ಒಳ್ಳೆಯ ಬೆಲೆ ಹೇಳಿದ; ಶನಿವಾರ ಗಾಡಿಯನ್ನೇ ತಂದ. "ಸಿಕ್ಕಾಗ ಕೊಟ್ಬಿಡ್ಬೇಕು ಚನ್ನಪ್ಪ, ಬೇಜಾರ್ ಮಾಡ್ಕೋಬೇಡ. ಈ ತಿಂಗಳು ಮುಗಿಸ್ಕೊಂಡು ಬೇರೆ ಕಡೆ ನೋಡ್ಕೋ" ಎಂದ ಕಾಶಿನಾಥ. ಗಿರಣಿಯನ್ನು ಎತ್ತುವ ಮೊದಲು ಚನ್ನಪ್ಪ ಅದರ ಹೊಟ್ಟೆಯನ್ನು ಪೂರ್ತಿ ಬಿಚ್ಚಿದ. ಬ್ರಷ್ಷು ಎಂದೂ ಮುಟ್ಟದ ಮೂಲೆಗಳಿಂದ ಇದ್ದಿಲಿನಂಥ ಹಳೆಯ ಪುಡಿ ಉದುರಿತು. ಕಾಗದದಲ್ಲಿ ಕಟ್ಟಿ ಅಂಗಿಯ ಜೇಬಿಗಿಟ್ಟುಕೊಂಡ. ಯಾಕೆಂದು ಅವನಿಗೇ ತಿಳಿಯಲಿಲ್ಲ.

ಭಾನುವಾರ ಜಡಿಮಳೆ. ಹತ್ತು ಗಂಟೆಗೆ ರಾಮಲಕ್ಷ್ಮಮ್ಮ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಸ್ಟೀಲ್ ಡಬ್ಬಿ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಮೇಲೆ ಬಂದರು. ಗಿರಣಿ ಇದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಬೋಲ್ಟಿನ ತೂತುಗಳಿದ್ದವು.

"ಅಯ್ಯೋ! ಎಲ್ಲಪ್ಪ ಅದು?"

"ಮಾರಿಬಿಟ್ಟಾರ್ರಿ ಅಮ್ಮಾರ. ನಿನ್ನೆ."

ಅವರು ಸ್ಟೂಲಿನ ಮೇಲೆ ಕೂತು ಮೊಣಕಾಲು ನೀವಿಕೊಂಡರು. "ಓಗ್ಲಿ ಬಿಡು. ಆ ದರಿದ್ರದ್ದನ್ನ ವಾಪಸ್ ಕಳ್ಸು ಅಂದ್ಯಲ್ಲ, ಅಷ್ಟಾದ್ರೂ ಒಳ್ಳೇದಾಯ್ತು. ನೀನಿಲ್ದಿದ್ರೆ ಮೋಸ ಓಗ್ತಿದ್ದೆ. ಇನ್ನೊಂದು ತರ್ಸಿದ್ರೆ ಬಂದು ನೋಡ್ಕೊಡ್ತೀಯಾ?"

ಚಿಕೋರಿಯ ವಿಷಯ ಚನ್ನಪ್ಪನ ನಾಲಿಗೆಯ ತುದಿಯವರೆಗೆ ಬಂತು. ಗಲ್ಲಾದಲ್ಲಿ ಕಾಶಿನಾಥ ತಲೆಯೆತ್ತಿ ನೋಡುತ್ತಿದ್ದ. ಈಗ ಹೇಳಿದರೆ ಹೋಗುವುದೇನೂ ಇರಲಿಲ್ಲ. ಅವರು ಇಟ್ಟ ನಂಬಿಕೆಯೊಂದನ್ನು ಬಿಟ್ಟು.

"ಬರ್ತೀನ್ರಿ" ಎಂದ.

ಅರ್ಧ ಕೆಜಿಯ ಪ್ಯಾಕೆಟ್ ತೆಗೆದುಕೊಟ್ಟ. ಇವತ್ತಾದರೂ ಒಂದು ಹಿಡಿ ಹೆಚ್ಚಿಗೆ ಹಾಕಬೇಕೆನಿಸಿತು. ಆದರೆ ಪ್ಯಾಕೆಟ್ಟಿನ ಬಾಯಿ ಕಂಪನಿಯಲ್ಲೇ ಅಂಟಿಸಿ ಬಂದಿತ್ತು. ಜೇಬಿನಲ್ಲಿದ್ದ ಪೊಟ್ಟಣ ಮುಟ್ಟಿ ನೋಡಿಕೊಂಡ. ಮುಗ್ಗಿದ ಆ ಪುಡಿಯನ್ನು ಯಾರಿಗೂ ಕೊಡುವ ಹಾಗಿರಲಿಲ್ಲ.

ರಾಮಲಕ್ಷ್ಮಮ್ಮ ಪ್ಯಾಕೆಟ್ಟನ್ನು ಖಾಲಿ ಡಬ್ಬಿಯೊಳಗೆ ತುರುಕಲು ನೋಡಿದರು. ಹಿಡಿಸಲಿಲ್ಲ. ಎರಡನ್ನೂ ಕಂಕುಳಿಗೆ ಅವುಚಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದರು.