ಎಲ್ಲರಿಗೂ ಹೂಂ ಎಂದ ಮತದಾರ

ನನ್ನ ತಮ್ಮ ಅಶ್ವತ್ಥನಾರಾಯಣ ತೀರಿಕೊಂಡ ಮಧ್ಯಾಹ್ನ ಅಮೆರಿಕದ ಒಬ್ಬ ಹುಡುಗಿಯೊಂದಿಗೆ ಫೋನಿನಲ್ಲಿದ್ದ. ಅವಳದು ಚುನಾವಣೆಯ ಸಮೀಕ್ಷೆ. ಲಂಡನ್ನಿನ ಕೊಲಿಂಡೇಲ್‌ನ ಫ್ಲಾಟಿನಲ್ಲಿ ಕಿಟಕಿಯ ಬಳಿ ಕುಳಿತು, ಸ್ಪೀಕರ್ ಹಾಕಿಕೊಂಡು, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದನಂತೆ. ಅವನ ಮಗಳು ಸ್ಮೃತಿ ಕಾಫಿ ತಂದಾಗ ಆ ಹುಡುಗಿ, ಸರ್ ಮಾತಾಡುತ್ತಿಲ್ಲ, 'ಇನ್ನೂ ನಿರ್ಧರಿಸಿಲ್ಲ' ಎಂದು ಬರೆದುಕೊಳ್ಳಲೇ ಎಂದು ಕೇಳುತ್ತಿದ್ದಳು. ತಮ್ಮ ಆಗಲೇ ಹೊರಟುಹೋಗಿದ್ದ. ಸುದ್ದಿ ಕೇಳಿ ನಾನು ಅದೇ ಊರಿನ ಇನ್ನೊಂದು ಮೂಲೆಯ ಹೇಸ್‌ನಿಂದ ಅಲ್ಲಿಗೆ ಸೇರುವಷ್ಟರಲ್ಲಿ ಅವಳು ಮತ್ತೊಮ್ಮೆ ಫೋನ್ ಮಾಡಿದ್ದಳು. ಇನ್ನೂ ಎರಡು ಪ್ರಶ್ನೆಗಳು ಉಳಿದಿದ್ದವಂತೆ.

ಅವನು ಪೆನ್ಸಿಲ್ವೇನಿಯಾದಲ್ಲಿ ಬಹುಕಾಲ ದುಡಿದು, ಅಲ್ಲಿಯ ಪ್ರಜೆಯಾಗಿ, ಹೆಂಡತಿ ತೀರಿಕೊಂಡ ಮೇಲೆ ಲಂಡನ್ನಿಗೆ ಮಗಳ ಬಳಿ ಬಂದವನು. ಮನುಷ್ಯ ಇಲ್ಲಿಗೆ ಬಂದರೂ ಅವನ ಮತ ಅಲ್ಲಿಯೇ ಉಳಿದಿತ್ತು. ಆ ರಾಜ್ಯದ ಫಲಿತಾಂಶ ಪ್ರತಿ ಸಲವೂ ಕೂದಲೆಳೆಯಲ್ಲಿ ತೂಗಾಡುತ್ತದೆ. ಹೀಗಾಗಿ, ಇಲ್ಲಿ ಜಿಪಿ ಡಾಕ್ಟರನ್ನು ಕಾಣಲು ವಾರಗಟ್ಟಲೆ ಕಾಯುವ ನನ್ನ ತಮ್ಮನನ್ನು ಕೇಳಿಕೊಂಡು ಅಮೆರಿಕದ ನಾನಾ ಸಂಘಗಳು ಸಾಲುಗಟ್ಟುತ್ತಿದ್ದವು. ತೆರಿಗೆ ಇಳಿಸಬೇಕೆನ್ನುವವರು, ಪಿಂಚಣಿ ಏರಿಸಬೇಕೆನ್ನುವವರು, ಬಂದೂಕು ಇರಲಿ ಎನ್ನುವವರು, ಬೇಡ ಎನ್ನುವವರು. ಅವನು ಪ್ರತಿಯೊಬ್ಬರ ತಾಯಿತಂದೆಯರ ಆರೋಗ್ಯ ವಿಚಾರಿಸಿ, ಕೊನೆಗೆ "ನೀವು ಹೇಳೋದೇ ಸರಿ" ಎನ್ನುತ್ತಿದ್ದ.

"ಮನೆಗೆ ಫೋನ್ ಮಾಡಿದೋರಿಗೆ ಇಲ್ಲ ಅಂತ ಹೆಂಗೆ ಅನ್ನೋದು, ಅಣ್ಣ?" ಎಂದು ನನ್ನನ್ನೇ ಕೇಳುತ್ತಿದ್ದ.

ದಹನಕ್ಕೆ ಸರದಿ ಸಿಗುವುದು ತಡವಾಗಿ, ವೈಕುಂಠ ಸಮಾರಾಧನೆಯನ್ನು ಒಂದು ಶನಿವಾರ ಇಟ್ಟುಕೊಂಡೆವು. ಗಂಡುಮಕ್ಕಳಿಲ್ಲದ್ದರಿಂದ ಕರ್ಮವನ್ನೆಲ್ಲ ಸ್ಮೃತಿಯೇ ಮಾಡಿದಳು. ನನಗಿದ್ದದ್ದು ಒಂದೇ ಆಸೆ. ಆ ದಿನವಾದರೂ ಅವನ ಹೆಸರು ದೇವರ ಮುಂದೆ ಮಾತ್ರ ಕೇಳಿಬರಬೇಕು. ಅವನ ಮತದ ಮಾತು ಯಾರ ಬಾಯಲ್ಲೂ ಬರಬಾರದು.

ಅದನ್ನು ಕೆಡಿಸಿದ್ದು ನಮ್ಮದೇ ಪದ್ಧತಿ. ಆಹ್ವಾನದ ಕೊನೆಗೆ ನಾನು ವಾಡಿಕೆಯಂತೆ, "ಎಲ್ಲರನ್ನೂ ಖುದ್ದಾಗಿ ಕರೆಯಲಾಗಿಲ್ಲ, ಇದನ್ನೇ ಖುದ್ದು ಕರೆಯೆಂದು ಭಾವಿಸಿ ಬನ್ನಿ" ಎಂದು ಬರೆದಿದ್ದೆ. ನಮ್ಮ ಜನ ಆ ಸಾಲನ್ನು ಓದಿ ಬರುವುದಿಲ್ಲ. ಫೋನ್ ಬರಲೆಂದು ಕಾಯುತ್ತಾರೆ, ಬರದಿದ್ದರೆ ಮುನಿಸಿಕೊಳ್ಳುತ್ತಾರೆ. ಸ್ಮೃತಿ ಅದನ್ನು ಇಂಗ್ಲಿಷಿಗೆ ತಿರುಗಿಸಿ ಅಪ್ಪನ ಫೇಸ್‌ಬುಕ್ಕಿನಲ್ಲಿ ಹಾಕಿಬಿಟ್ಟಳು. ಇಂಗ್ಲಿಷಿನಲ್ಲಿ ಓದಿದವರು ನಂಬಿ ಬಂದೇಬಿಟ್ಟರು.

ಕಟ್ಟಡದ ಕೆಳಗಿನ ಹಾಲಿನಲ್ಲಿ ಎಲೆ ಹಾಕಿದ್ದೆವು. ಪಾರ್ಕ್ ರಾಯಲ್‌ನಿಂದ ಕೇಟರಿಂಗಿನವರ ಅಡುಗೆ ಬಂದಿತ್ತು. ಮೊದಲು ತೆರಿಗೆ ಇಳಿಸುವ ವೇದಿಕೆಯ ರಾಕೇಶ್ ಬಂದ, ದೊಡ್ಡ ಹೂವಿನ ಚಕ್ರ ಹಿಡಿದು. ಅದರ ರಿಬ್ಬನ್ ಪಟ್ಟಿಯ ಮೇಲೆ ಸತ್ತವನ ಹೆಸರಿಗಿಂತ ವೇದಿಕೆಯ ಹೆಸರು ದಪ್ಪವಾಗಿತ್ತು. ಹಿಂದೆಯೇ ಪಿಂಚಣಿ ಕೂಟದ ಬೃಂದಾ ಇನ್ನೂ ದೊಡ್ಡ ಚಕ್ರದೊಂದಿಗೆ ಬಂದಳು. ಇಬ್ಬರೂ ಬೆಂಗಳೂರಿನಲ್ಲಿ ಹುಟ್ಟಿ, ಅಮೆರಿಕದ ಪ್ರಜೆಗಳಾಗಿ, ಲಂಡನ್ನಿನಲ್ಲಿ ನೌಕರಿಯಲ್ಲಿರುವವರು. ಸಮಾರಾಧನೆಗೆ ಬಂದವರನ್ನು ಉಣ್ಣಿಸದೆ ಕಳಿಸುವ ಹಾಗಿಲ್ಲ. ಎದುರುಬದುರು ಕೂರಿಸಿದೆ.

"ಅಂಕಲ್ ನಮ್ಮೋರು," ಎಂದ ರಾಕೇಶ್, ಅನ್ನ ಕಲಸುತ್ತ. "ಟ್ಯಾಕ್ಸ್ ಕಡಿಮೆ ಮಾಡ್ಬೇಕು ಅಂದಾಗ ಹಂಡ್ರೆಡ್ ಪರ್ಸೆಂಟ್ ಅಂದಿದ್ರು."

"ಪೆನ್ಷನ್ ವಿಷಯ ಎತ್ತಿದ್ರೆ ಅವ್ರ ಕಣ್ಣಲ್ಲಿ ನೀರು ಬರ್ತಿತ್ತು, ಗೊತ್ತಾ?" ಎಂದಳು ಬೃಂದಾ.

"ಫೋನಲ್ಲಿ ಕಣ್ಣೀರು ಹೆಂಗ್ರೀ ಕಾಣ್ಸುತ್ತೆ?"

"ವಿಡಿಯೋ ಕಾಲ್ ರೀ. ನೀವು ಬರೀ ಮೆಸೇಜ್ ಕಳ್ಸೋರು, ನಿಮಗೆಲ್ಲಿ ಗೊತ್ತಾಗ್ಬೇಕು?"

ಅಷ್ಟರಲ್ಲಿ ಯೂಟ್ಯೂಬಿನಲ್ಲಿ ಸುದ್ದಿವಾಹಿನಿ ನಡೆಸುವ ಶಿಶಿರ್ ಎಂಬವನು ಫೋನನ್ನು ಕೋಲಿಗೆ ಸಿಕ್ಕಿಸಿಕೊಂಡು ನನ್ನ ಮುಂದೆ ನಿಂತ.

"ತಾತ, ಅವ್ರ ವೋಟು ಯಾರಿಗಿತ್ತು? ಒಂದೇ ವಾಕ್ಯದಲ್ಲಿ ಹೇಳ್ಬಿಡಿ, ಲೈವ್ ಹೋಗ್ತಿದೆ."

ಇಬ್ಬರೂ ತುತ್ತು ನಿಲ್ಲಿಸಿ ನನ್ನತ್ತ ನೋಡಿದರು. ಬಡಿಸುತ್ತಿದ್ದ ಸ್ಮೃತಿಯೂ ನೋಡಿದಳು. ನನಗೆ ಉತ್ತರ ಗೊತ್ತಿತ್ತು. ಕಳೆದ ಚುನಾವಣೆಯಲ್ಲಿ ನಾನೇ ಕೇಳಿದ್ದೆ. "ಒಬ್ಬರಿಗೆ ಹಾಕಿದ್ರೆ ಇನ್ನೊಬ್ಬರಿಗೆ ಕೊಟ್ಟ ಮಾತು ಸುಳ್ಳಾಗುತ್ತೆ. ಅದಕ್ಕೇ ಇದುವರೆಗೂ ಯಾರಿಗೂ ಹಾಕಿಲ್ಲ, ಅಣ್ಣ," ಎಂದಿದ್ದ. ನಾನು ಸುಮ್ಮನಿದ್ದರೆ ಇಬ್ಬರೂ ಅವನನ್ನು ಎಳೆದಾಡುತ್ತಲೇ ಇರುತ್ತಾರೆ. ನಿಜ ಹೇಳಿದರೆ ಇಬ್ಬರೂ ಬಿಟ್ಟುಬಿಡುತ್ತಾರೆ ಎಂದು ನಂಬಿದೆ. ಸಮಾರಾಧನೆಯ ದಿನ ಸುಳ್ಳಾಡುವುದೂ ನನ್ನಿಂದಾಗದು.

"ಅವನು ಒಮ್ಮೆಯೂ ಮತ ಹಾಕಲಿಲ್ಲ," ಎಂದೆ.

"ಒಂದ್ಸಲಾನೂ ಇಲ್ವಾ?" ರಾಕೇಶನ ಮುಖ ಬಿಳಿಚಿಕೊಂಡಿತು. "ಪೆನ್ಸಿಲ್ವೇನಿಯಾದಲ್ಲಿ ವೋಟಿಟ್ಕೊಂಡು?"

ತಮ್ಮನ ಸಾವಿಗೆ ಮರುಗದ ಮುಖಗಳಲ್ಲಿ ಆಗ ನಿಜವಾದ ದುಃಖ ಕಂಡಿತು. ಇಬ್ಬರೂ ಪಾಯಸ ಮುಗಿಸಿ, ಹೋಗುವಾಗ ಹೂವನ್ನು ಬಿಟ್ಟು ಪಟ್ಟಿಗಳನ್ನು ಮಾತ್ರ ಬಿಚ್ಚಿಕೊಂಡು ಹೋದರು. ತಮ್ಮ ಇನ್ನು ನಮ್ಮವನು ಎಂದು ನಾನು ಹಗುರಾದೆ.

ಕೆಲವೇ ದಿನಗಳಲ್ಲಿ ಅವನ ಭಾವಚಿತ್ರ ಎಲ್ಲರ ಫೋನಿಗೂ ಬಂತು. ಮತ ಹಾಕದವರನ್ನು ಎಬ್ಬಿಸುವುದಕ್ಕೆಂದೇ ಅಮೆರಿಕದಲ್ಲಿ ಬೇರೊಂದು ಸಂಘವಿದೆಯಂತೆ. ಶಿಶಿರನ ವಿಡಿಯೋದಿಂದ ಹಾಲಿನಲ್ಲಿಟ್ಟಿದ್ದ ತಮ್ಮನ ಚಿತ್ರವನ್ನು ಹಾರದ ಸಮೇತ ಕತ್ತರಿಸಿಕೊಂಡು, ಕೆಳಗೆ ಇಂಗ್ಲಿಷಿನಲ್ಲಿ ಬರೆಸಿದ್ದರು: "ಇವರು ತಡಮಾಡಿದರು. ನೀವು ಮಾಡಬೇಡಿ." ಅದನ್ನು ನನಗೆ ಕಳಿಸಿದವರಲ್ಲಿ ರಾಕೇಶನೂ ಇದ್ದ, ಬೃಂದಾಳೂ ಇದ್ದಳು. ಅವರಿಬ್ಬರೂ ಒಪ್ಪಿದ ಮೊದಲ ವಿಷಯ ಅದೇ ಇರಬೇಕು.

ಸ್ಮೃತಿ ಬಹಳ ಅತ್ತಳು.

"ನೀವು ಸುಮ್ನಿರಬಹುದಿತ್ತು, ದೊಡ್ಡಪ್ಪ. ಇಬ್ಬರೂ ಅಪ್ಪನ್ನ ಎಷ್ಟು ಹೊಗಳ್ತಿದ್ರು. ಈಗ ಜಗತ್ತಿನ ಸೋಮಾರಿಗಳಿಗೆಲ್ಲ ಅವ್ರೇ ಪೋಸ್ಟರ್."

"ಸುಳ್ಳು ಹೇಳ್ಬೇಕಿತ್ತೇನಮ್ಮ?"

"ಅಪ್ಪ ಆಗಿದ್ರೆ ಇಬ್ಬರಿಗೂ ಹೂಂ ಅಂತಿದ್ರು."

ಆ ಸಂಘಕ್ಕೆ ಚಿತ್ರ ತೆಗೆದುಹಾಕಿರೆಂದು ಅವಳಿಂದ ಎರಡು ಸಲ ಬರೆಸಿದೆ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಎರಡು ಸಲವೂ ಉತ್ತರ ಬಂತು. ಮನುಷ್ಯರಲ್ಲಿ ಕೇಳುವುದು ಅಲ್ಲಿಗೆ ಮುಗಿಯಿತು. ಈಗ ಸಂಧ್ಯೆಯ ದೀಪ ಹಚ್ಚಿ ಕುಳಿತು ಒಂದೇ ಮಾತು ಬೇಡುತ್ತೇನೆ.

ಶ್ರೀಮನ್ನಾರಾಯಣ, ನನ್ನ ತಮ್ಮ ಯಾರ ಮನಸ್ಸನ್ನೂ ನೋಯಿಸಬಾರದೆಂದು ಬದುಕಿದವನು. ಅವನ ಮುಖ ಈ ಲೋಕದಲ್ಲಿ ಎಲ್ಲೆಲ್ಲಿ ತಿರುಗಿದರೂ ಅವನ ಜೀವ ನಿನ್ನ ಪಾದದ ಬಳಿ ನೆಲೆಯಾಗಿರಲಿ. ಅವನನ್ನು ಯಾವ ಪಕ್ಷವೆಂದು ಕೇಳಬೇಡ. ಅವನಿಗೆ ಶಾಂತಿ ಕೊಡು.