ಬಟ್ಟೆಯ ಮೇಲೆ ನಾಲ್ಕು ಮಾತು

ಆ ಬೆಳಿಗ್ಗೆ ಪ್ರೇರಣಾಳಿಗೆ ಎಷ್ಟು ಭಯವಾಗಿತ್ತೆಂದರೆ, ಸೂಜಿಗೆ ದಾರ ಪೋಣಿಸುವುದೇ ಮೂರು ಸಲ ತಪ್ಪಿತು. ಅತ್ತೆ ಸಾವಿತ್ರಮ್ಮ ಕೋವಿಡ್ ವಾರ್ಡಿನಲ್ಲಿ ಆಕ್ಸಿಜನ್ ಮಾಸ್ಕ್ ಹಾಕಿಸಿಕೊಂಡು ಮಲಗಿದ್ದರು. ಮಗನ ಮನೆ ನೋಡಿಕೊಂಡು ಹೋಗೋಣವೆಂದು ಪರದೇಶದ ಡಗ್ಲಸ್‌ಗೆ ಬಂದು, ವಿಮಾನ ನಿಂತುಹೋಗಿ ಇಲ್ಲೇ ಸಿಕ್ಕಿಬಿದ್ದವರು. ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ವಾರ್ಡಿನಲ್ಲಿ ಕನ್ನಡ ಬಲ್ಲ ಒಂದು ನರಪಿಳ್ಳೆಯೂ ಇಲ್ಲ. ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಗಂಡ ಅಭಿನಂದನ್‌ ಅದೇ ಜ್ವರ ಹಿಡಿದು ಮಹಡಿಯ ಕೋಣೆ ಸೇರಿದ್ದ. ಏನಾಗುತ್ತಿದೆ ಎಂದು ಹೇಳಿಕೊಳ್ಳಲೂ ಆಗದೆ ಅತ್ತೆ ಹೋಗಿಬಿಟ್ಟರೆ?

ಅತ್ತೆಗೆ ಬೇಕಾಗುವ ಮಾತುಗಳನ್ನು ಕಾಗದದಲ್ಲಿ ಬರೆದು ಕಳಿಸಿದ್ದು ಸೋಂಕಿನ ಭಯಕ್ಕೆ ಕಸದ ಬುಟ್ಟಿ ಸೇರಿತ್ತು. ಒಗೆಯಲು ಬರುವಂಥದ್ದೇನಾದರೂ ಕೊಡಿ ಎಂದಿದ್ದಳು ನರ್ಸ್ ಬ್ರೀಡಾ. ಸರಿ, ಮನೆಯಲ್ಲಿ ಎಂಬ್ರಾಯ್ಡರಿ ಮಷಿನ್ ಇತ್ತು. ನಾಲ್ಕು ಮಾತು ಹೊಲಿದರೆ ಸಾಕು: ನೀರು, ಚಳಿ, ಉಸಿರು, ನೋವು. ಒಂದೊಂದರ ಕೆಳಗೂ ಇಂಗ್ಲಿಷಿನಲ್ಲಿ ಅದೇ ಮಾತು. ಅತ್ತೆ ಬೆರಳಿಟ್ಟು ತೋರಿಸಿದರಾಯಿತು. ಮಗನದೇ ಬಟ್ಟೆ ಮೈಮೇಲಿದ್ದರೆ ಧೈರ್ಯ ಬಂದೀತೆಂದು ಅಭಿನಂದನ್‌ನ ಮೆತ್ತನೆಯ ಟೀ ಶರ್ಟೊಂದನ್ನು ಕತ್ತರಿಸಿದಳು.

ಗಾಬರಿಯಲ್ಲಿ ಬುದ್ಧಿ ಎಲ್ಲಿರುತ್ತದೆ? ಬಟ್ಟೆ ಬಿಗಿಯಾಗಿ ನಿಲ್ಲಲೆಂದು ಅದರ ಕೆಳಗಿಡುವ ಹಾಳೆಯಾದ ಸ್ಟೆಬಿಲೈಸರ್‌ನಲ್ಲಿ, ಕೈಗೆ ಮೊದಲು ಸಿಕ್ಕ ತೆಳ್ಳನೆಯ, ಹರಿದು ತೆಗೆಯುವ ಬಗೆಯದನ್ನೇ ಇಟ್ಟಳು. ಎಳೆದರೆ ಹಿಗ್ಗುವ ಬಟ್ಟೆಗೆ ಅದು ಯಾವ ಮೂಲೆಗೂ ಸಾಲದು. ಹೂಪಿನ ಚೌಕಟ್ಟಿನಿಂದ ಬಿಡಿಸಿದ್ದೇ ತಡ, ಬಟ್ಟೆ ಸುರುಟಿಕೊಂಡು ಅಕ್ಷರಗಳೆಲ್ಲ ಮುದುಡಿದವು. 'ನೋವು' ಹೋಗಿ 'ನೀವು' ಆಗಿತ್ತು. ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಈಗ ಅತ್ತುಬಿಟ್ಟಳು.

ಉಳಿದಿದ್ದು ದಪ್ಪ ಸ್ಟೆಬಿಲೈಸರ್‌ನ ಒಂದೇ ತುಂಡು. ಲಾಕ್‌ಡೌನಿನಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು. ಇದೂ ಕೆಟ್ಟರೆ ಮುಗಿಯಿತು. ಇನ್ನೊಂದು ಟೀ ಶರ್ಟನ್ನು ಬಿಸಿನೀರಲ್ಲಿ ಒಗೆದು, ಕುಗ್ಗುವಷ್ಟು ಕುಗ್ಗಿಸಿ, ಒಣಗಿಸಿ, ಇಸ್ತ್ರಿ ಮಾಡಿದಳು. ದಪ್ಪ ತುಂಡನ್ನು ಅಂಟಿನಿಂದ ಅಡಿಗೆ ಕೂರಿಸಿದಳು. ಎರಡನ್ನೂ ಒಟ್ಟಿಗೆ ಹೂಪಿಗೆ ಸಿಕ್ಕಿಸುವಾಗ ಸುಕ್ಕೂ ಉಳಿಯಬಾರದು, ಬಟ್ಟೆಯೂ ಎಳೆದುಕೊಳ್ಳಬಾರದು. ಮಷಿನಿನ ವೇಗ ತಗ್ಗಿಸಿ, ಕೊನೆಯ ಹೊಲಿಗೆಯವರೆಗೂ ಸೂಜಿಯಿಂದ ಕಣ್ಣು ಕೀಳದೆ ಕೂತಳು. ಈ ಸಲ ಒಂದೊಂದು ಕೊಂಬೂ ಸ್ಪಷ್ಟವಾಗಿ ಮೂಡಿತು. ಬಟ್ಟೆಯ ಹಿಂದೆ ಉಳಿದ ದಪ್ಪ ಹಾಳೆಯನ್ನು ಹರಿಯದೆ, ಅಕ್ಷರಗಳ ಸುತ್ತ ಕತ್ತರಿಸಿ ಹಾಗೇ ಬಿಟ್ಟಳು.

ಹೊಸ್ತಿಲಲ್ಲಿಟ್ಟ ಪೊಟ್ಟಣವನ್ನು ಪಕ್ಕದ ಮನೆಯವರು ಆಸ್ಪತ್ರೆಗೆ ತಲುಪಿಸಿದರು. ಮರುದಿನ ಮಧ್ಯಾಹ್ನ ಬ್ರೀಡಾಳ ಫೋನ್ ಬಂತು. ಆ ನಂಬರ್ ಕಂಡರೇ ಪ್ರೇರಣಾಳ ಜೀವ ಬಾಯಿಗೆ ಬರುತ್ತಿತ್ತು.

"ನಿಮ್ಮ ಬಟ್ಟೆ ಗ್ರ್ಯಾಂಡ್ ಆಗಿದೆ, ತುಂಬಾ ಉಪಯೋಗಕ್ಕೆ ಬರ್ತಿದೆ! ಆದರೆ ಪಾಪ, ಅವರಿಗೆ ನಿಮ್ಮನ್ನು ಬಿಟ್ಟಿರೋದೇ ನೋವು. 'ನೋವು' ಅನ್ನೋದರ ಮೇಲೆ ಬೆರಳಿಟ್ಟು 'ಕಾಲ್, ಕಾಲ್' ಅಂತಾರೆ. ಸಂಜೆ ವೀಡಿಯೊ ಕಾಲ್ ಮಾಡಿಸಲಾ?"

ಪ್ರೇರಣಾಳ ಕಣ್ಣು ತುಂಬಿತು. ಮಹಡಿಯತ್ತ ಕೂಗಿದಳು, "ಅಭೀ, ಅತ್ತೆ ನಮ್ ಜೊತೆ ಮಾತಾಡ್ಬೇಕಂತೆ! ಕಾಲ್ ಕಾಲ್ ಅಂತಿದಾರಂತೆ!"

ಮುಚ್ಚಿದ ಬಾಗಿಲ ಹಿಂದಿನಿಂದ ಕೆಮ್ಮು ಕೇಳಿಸಿತು. "ಅಮ್ಮ ಯಾವತ್ತು ಕಾಲ್ ಅಂದಿದಾರೆ? ಫೋನು ಅಂತಾರೆ."

ಪ್ರೇರಣಾಳಿಗೆ ಥಟ್ಟನೆ ಹೊಳೆಯಿತು. ಕಾಲು. ನೋವು, ಕಾಲು.

"ಬ್ರೀಡಾ, ಅದು ಫೋನ್ ಅಲ್ಲ! ಕನ್ನಡದಲ್ಲಿ ಕಾಲು ಅಂದರೆ ಲೆಗ್! ಕಾಲು ನೋಯ್ತಿದೆಯಂತೆ, ದಯವಿಟ್ಟು ನೋಡಿ!"

ಹೊದಿಕೆ ಸರಿಸಿದ ಸದ್ದು ಕೇಳಿಸಿತು. ಬ್ರೀಡಾಳ ದನಿಯಲ್ಲಿದ್ದ ನಗು ಮಾಯವಾಯಿತು. ಒಂದು ಮೀನಖಂಡ ಬಾತು ಕೆಂಪಾಗಿದೆ, ರಕ್ತ ಹೆಪ್ಪುಗಟ್ಟಿರಬಹುದು, ಬೇಗ ಬನ್ನಿ ಎಂದು ಯಾರನ್ನೋ ಕೂಗಿದಳು. ಆಮೇಲೆ ಫೋನಿಗೆ ಬಾಯಿಟ್ಟು, "ಯಾವಾಗಿಂದ ಅಂತ ಕೇಳಿ, ಡಾಕ್ಟರಿಗೆ ಬೇಕು. ಅವರ ಕಿವಿಗೆ ಹಿಡೀತೀನಿ" ಎಂದಳು.

"ಅತ್ತೆ, ನಾನು ಪ್ರೇರಣಾ. ಕಾಲು ಯಾವಾಗಿಂದ ನೋಯ್ತಿದೆ?"

ಮಾಸ್ಕಿನ ಬುಸುಬುಸು ಸದ್ದಿನ ನಡುವೆ ಸಾವಿತ್ರಮ್ಮನ ದನಿ ತೇಲಿ ಬಂತು. "ಮೊನ್ನೆಯಿಂದ ಕಣೇ. ಎಲ್ರಿಗೂ ಹೇಳ್ತಾನೇ ಇದೀನಿ. ಪ್ರತಿ ಸಲ ನಗ್ತಾ ಫೋನ್ ತೋರಿಸ್ತಾರೆ."